ಜಿ.ಎಚ್. ಕ್ರುಂಬಿಗಲ್: ಜೀವನ, ಸೇವೆ ಮತ್ತು ಮನೆಯಂಗಳದ ನೆಲಹೊದಿಕೆ

ಮೈಸೂರು ಸಂಸ್ಥಾನದ ಸರ್ಕಾರಿ ತೋಟಗಳ ಅಧೀಕ್ಷಕರಾಗಿ 1908ರಿಂದ 1932ರವರೆಗೆ ಸೇವೆ ಸಲ್ಲಿಸಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರ ಹೆಸರು ಬೆಂಗಳೂರಿನ ನಾಗರಿಕರಿಗೆ ಹೊಸದಲ್ಲ. ಲಾಲ್‌ಬಾಗ್‌ನ ಸಮೀಪದ ರಸ್ತೆಯೊಂದು ಹಾಗೂ ಉದ್ಯಾನದೊಳಗಿನ ಸಭಾಂಗಣ ಅವರ ಹೆಸರನ್ನು ಹೊತ್ತಿವೆ. ಅವರನ್ನು ಸಾಮಾನ್ಯವಾಗಿ ಸಾಲುಮರಗಳ ಹಾಗೂ ಬೃಹತ್ ಉದ್ಯಾನಗಳ ನಿರ್ಮಾತೃವೆಂದು ಸ್ಮರಿಸಲಾಗುತ್ತದೆ. ಆದರೆ ಅವರ ವೃತ್ತಿಜೀವನದ ಆರಂಭ ಮರಗಳಿಂದ ಆದುದಲ್ಲ. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂವಿನ ಮಡಿಗಳನ್ನು ವಿನ್ಯಾಸಗೊಳಿಸುವ ಕೆಲಸ ಅವರ ಆರಂಭಿಕ ಕಸುಬುಗಳಲ್ಲಿ ಒಂದಾಗಿತ್ತು. ವರ್ತೂರು ಹೋಬಳಿಯಂತಹ, ಹೊಲಗದ್ದೆಗಳು ನಿವೇಶನಗಳಾಗಿ ಮಾರ್ಪಟ್ಟಿರುವ ಪ್ರದೇಶಗಳಲ್ಲಿ ಸಣ್ಣ ಅಂಗಳವನ್ನು ಹೊಂದಿರುವ ಗೃಹಸ್ಥರಿಗೆ ಅವರ ಬದುಕಿನ ಈ ಮುಖವು ಹೆಚ್ಚು ಉಪಯುಕ್ತವೆಂಬ ಕಾರಣದಿಂದ ಈ ಪರಿಚಯವನ್ನು ನೀಡಲಾಗಿದೆ.

ಜನನ ಮತ್ತು ಶಿಕ್ಷಣ

ಕ್ರುಂಬಿಗಲ್ ಅವರು 1865ರ ಡಿಸೆಂಬರ್ 18ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡೆನ್ ನಗರಕ್ಕೆ ಸಮೀಪದ ಲೋಹ್ಮೆನ್ ಎಂಬಲ್ಲಿ ಜನಿಸಿದರು. ತೋಟಗಾರಿಕೆಯ ಶಿಕ್ಷಣವನ್ನು ಪಿಲ್ನಿಟ್ಸ್‌ನಲ್ಲಿ ಪಡೆದರು. ಎಲ್ಬೆ ನದಿಯ ದಡದಲ್ಲಿರುವ ಪಿಲ್ನಿಟ್ಸ್ ಸ್ಯಾಕ್ಸನಿಯ ಅರಸರ ಬೇಸಿಗೆ ಅರಮನೆಯ ತಾಣ. ಮುಂದೆ ಶ್ವೆರಿನ್ ಹಾಗೂ ಹ್ಯಾಂಬರ್ಗ್ ನಗರಗಳಲ್ಲಿ ಕೆಲಸ ಮಾಡಿ, 1888ರಲ್ಲಿ ಇಂಗ್ಲೆಂಡಿಗೆ ತೆರಳಿದರು.

ಅಂದಿನ ಇಂಗ್ಲೆಂಡಿನ ಸಾರ್ವಜನಿಕ ಉದ್ಯಾನಗಳಲ್ಲಿ ಕಾರ್ಪೆಟ್ ಬೆಡ್ಡಿಂಗ್ ಎಂಬ ಪದ್ಧತಿ ಬಹುವಾಗಿ ಪ್ರಚಲಿತವಾಗಿತ್ತು. ಗೇಣುದ್ದಕ್ಕಿಂತ ಎತ್ತರ ಬೆಳೆಯದ, ಬಣ್ಣದ ಎಲೆಗಳ ಸಸ್ಯಗಳನ್ನು ಒತ್ತೊತ್ತಾಗಿ ನಾಟಿ ಮಾಡಿ, ಕತ್ತರಿಯಿಂದ ಮಟ್ಟಸವಾಗಿ ಸವರಿ, ನೆಲದ ಮೇಲೆ ರತ್ನಗಂಬಳಿ ಹಾಸಿದಂತೆ ಕಾಣಿಸುವುದೇ ಈ ಪದ್ಧತಿ. ಇದಕ್ಕೆ ಬಳಸುತ್ತಿದ್ದ ಆಲ್ಟರ್ನಾಂಥೆರ, ಐರೆಸಿನ್, ಕೋಲಿಯಸ್ ಮುಂತಾದವು ಉಷ್ಣವಲಯದ ಸಸ್ಯಗಳು. ಅಲ್ಲಿನ ಹಿಮವನ್ನು ಅವು ತಾಳಲಾರವು. ಆದುದರಿಂದ ಚಳಿಗಾಲವಿಡೀ ಗಾಜಿನಮನೆಗಳಲ್ಲಿ ಸಸಿಗಳನ್ನು ಕಾಪಾಡಿ, ಬೇಸಿಗೆಯ ಕೆಲವೇ ತಿಂಗಳು ಹೊರಗೆ ನೆಟ್ಟು, ಶೀತ ಆರಂಭವಾಗುತ್ತಲೇ ಕಿತ್ತುಹಾಕಲಾಗುತ್ತಿತ್ತು. ಅಪಾರ ಶ್ರಮ ಹಾಗೂ ವೆಚ್ಚದ ಅಲ್ಪಾಯುಷಿ ಅಲಂಕಾರವದು. ಹೈಡ್ ಪಾರ್ಕ್‌ನ ಅನಂತರ ಕ್ರುಂಬಿಗಲ್ ಅವರು ಕ್ಯೂ ರಾಜಸಸ್ಯೋದ್ಯಾನವನ್ನು ಸೇರಿದರು. ಪ್ರಪಂಚದ ನಾನಾ ಭಾಗಗಳ ಸಸ್ಯಗಳನ್ನು ಒಂದೇ ಸ್ಥಳದಲ್ಲಿ ಹೆಸರು ಹಿಡಿದು ಗುರುತಿಸುವ ಅವಕಾಶ ಅಲ್ಲಿತ್ತು. ಲಾಲ್‌ಬಾಗ್‌ನ ಹಿಂದಿನ ಅಧೀಕ್ಷಕರಾದ ವಿಲಿಯಂ ನ್ಯೂ ಮತ್ತು ಜಾನ್ ಕ್ಯಾಮೆರಾನ್ ಅವರೂ ಕ್ಯೂ ಉದ್ಯಾನದಿಂದಲೇ ಬಂದವರು.

ಬರೋಡಾದಿಂದ ಬೆಂಗಳೂರಿಗೆ

1893ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ಕ್ರುಂಬಿಗಲ್ ಅವರು ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡ ಅವರ ಸೇವೆಗೆ ಸೇರಿ ಆ ಸಂಸ್ಥಾನದ ಸಸ್ಯೋದ್ಯಾನದ ಹೊಣೆ ಹೊತ್ತರು. ಬರೋಡಾದ ಬಿರುಬೇಸಿಗೆಯಲ್ಲಿ ಯೂರೋಪಿನ ಉದ್ಯಾನ ಪದ್ಧತಿಗಳು ಹಾಗೆಯೇ ನಡೆಯುವಂತಿರಲಿಲ್ಲ. ಸುಮಾರು ಹದಿನೈದು ವರ್ಷಗಳ ಆ ಅನುಭವ ಅವರನ್ನು ಭಾರತದ ಮಣ್ಣು, ಮಳೆ ಮತ್ತು ಬಿಸಿಲಿಗೆ ಒಗ್ಗಿಸಿತು.

ಬೆಂಗಳೂರಿನಲ್ಲಿ 1874ರಿಂದ ಲಾಲ್‌ಬಾಗ್‌ನ ಆಡಳಿತ ನಡೆಸಿದ್ದ ಜಾನ್ ಕ್ಯಾಮೆರಾನ್ ಅವರ ನಿವೃತ್ತಿಯ ಬಳಿಕ, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಹ್ವಾನದಂತೆ 1908ರಲ್ಲಿ ಕ್ರುಂಬಿಗಲ್ ಅವರು ಆ ಸ್ಥಾನಕ್ಕೆ ಬಂದರು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಸೂಕ್ತ. ಬೆಂಗಳೂರಿನ ಹಸಿರಿನ ಕೀರ್ತಿಯೆಲ್ಲವನ್ನೂ ಕ್ರುಂಬಿಗಲ್ ಅವರೊಬ್ಬರಿಗೇ ಸಲ್ಲಿಸುವ ರೂಢಿ ಬೆಳೆದುಬಂದಿದೆ. ಹೈದರ್ ಅಲಿ 1760ರಲ್ಲಿ ಆರಂಭಿಸಿದ ತೋಟ, ನ್ಯೂ ಅವರ ವ್ಯವಸ್ಥೆ, ಕ್ಯಾಮೆರಾನ್ ಅವರು ತರಿಸಿ ಬೆಳೆಸಿದ ಸಸ್ಯಸಂಪತ್ತು, 1889ರ ನವೆಂಬರ್ 30ರಂದು ಶಂಕುಸ್ಥಾಪನೆಯಾದ ಗಾಜಿನಮನೆ, ಇವೆಲ್ಲವೂ ಅವರು ಬರುವ ಮುನ್ನವೇ ಇದ್ದವು. ಅವರ ಹಿರಿಮೆ ಇರುವುದು, ಉದ್ಯಾನದ ಬೇಲಿಯೊಳಗಿದ್ದ ಈ ಸಂಪತ್ತನ್ನು ನಗರದ ಬೀದಿಗೂ ನಾಗರಿಕರ ಮನೆಯಂಗಳಕ್ಕೂ ತಲುಪಿಸುವ ಕ್ರಮವನ್ನು ರೂಪಿಸಿದುದರಲ್ಲಿ.

ಅವರ ಸರಣಿ ಪುಷ್ಪಯೋಜನೆ ಇದಕ್ಕೆ ನಿದರ್ಶನ. ವರ್ಷದ ಯಾವುದೇ ಕಾಲದಲ್ಲಿ ನಗರದ ಯಾವುದಾದರೊಂದು ಬೀದಿಯಾದರೂ ಹೂವಿನಿಂದ ತುಂಬಿರಬೇಕೆಂಬ ಉದ್ದೇಶದಿಂದ, ಅರಳುವ ಋತುವನ್ನು ಲೆಕ್ಕ ಹಾಕಿ ರಸ್ತೆಬದಿಯ ಮರಗಳನ್ನು ಆಯ್ಕೆ ಮಾಡುವುದು ಈ ಯೋಜನೆಯ ತಿರುಳು. ವರ್ಷಾರಂಭದಲ್ಲಿ ಟಬೂಬಿಯ, ಬೇಸಿಗೆಯ ಆರಂಭಕ್ಕೆ ಜಕರಾಂಡ, ಏಪ್ರಿಲ್‌-ಮೇ ತಿಂಗಳಿನಲ್ಲಿ ಗುಲ್‌ಮೊಹರ್ ಎಂಬ ಅನುಕ್ರಮವನ್ನು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಗುರುತಿಸಬಹುದು.

ದೇಶವಿದೇಶಗಳ ಸಸ್ಯೋದ್ಯಾನಗಳೊಡನೆ ಬೀಜ ಹಾಗೂ ಸಸಿಗಳ ವಿನಿಮಯವನ್ನು ಅವರು ನಡೆಸಿದರು. ಅವರ ಕಾಲದಲ್ಲಿ ಇಲ್ಲಿಗೆ ಪರಿಚಯಿಸಲ್ಪಟ್ಟವುಗಳಲ್ಲಿ ರಷ್ಯಾದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮೆಕ್ಕೆಜೋಳ ಮತ್ತು ರೋಡ್ಸ್ ಹುಲ್ಲು ಸೇರಿವೆ. ರೋಡ್ಸ್ ಹುಲ್ಲು ಆಫ್ರಿಕಾ ಮೂಲದ ಮೇವಿನ ಹುಲ್ಲು. ನೆಲದ ಮೇಲೆ ಹಂಬು ಹರಿಸಿ ಮಣ್ಣನ್ನು ಹಿಡಿದಿಡುವ ಗುಣ ಅದಕ್ಕಿದೆ. ಅಲಂಕಾರ ಮತ್ತು ಉಪಯೋಗ ಎಂಬೆರಡನ್ನು ಅವರು ಬೇರೆ ಬೇರೆ ಖಾತೆಗಳಾಗಿ ನೋಡಿದವರಲ್ಲ.

1912ರಲ್ಲಿ ಸ್ಥಾಪಿತವಾದ ಮೈಸೂರು ತೋಟಗಾರಿಕಾ ಸಂಘದ ಹಿಂದೆ ಅವರ ಪರಿಶ್ರಮವಿತ್ತು. ಸರ್ಕಾರಿ ಉದ್ಯಾನವನ್ನು ನೋಡಿ ಹಿಂದಿರುಗುವ ಸಂದರ್ಶಕನನ್ನು ತನ್ನ ಮನೆಯಲ್ಲಿಯೂ ಒಂದಿಷ್ಟು ಬೆಳೆಸುವ ಹವ್ಯಾಸಿಯನ್ನಾಗಿ ಮಾಡುವುದು ಇಂತಹ ಸಂಘದಿಂದ ಸಾಧ್ಯವಾಯಿತು. ಲಾಲ್‌ಬಾಗ್‌ನ ಗಾಜಿನಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳ ಪರಂಪರೆ ಈ ಸಂಘದೊಡನೆ ಬೆಸೆದುಕೊಂಡಿದೆ.

ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನ ಅವರ ಸೇವೆಯ ಕೊನೆಯ ವರ್ಷಗಳ ಕೃತಿ. 1926ರಲ್ಲಿ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಕಾಶ್ಮೀರದ ಮೊಗಲ್ ಉದ್ಯಾನಗಳು ಮಾದರಿಯಾಗಿದ್ದವು. ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ನೆಲ, ನಡುವೆ ಹರಿಯುವ ನೀರು, ಎರಡೂ ಬದಿಗೆ ತಗ್ಗಾಗಿ ಹಾಸಿದ ಹಸಿರು ಎಂಬ ಈ ವಿನ್ಯಾಸದಲ್ಲಿ ಕ್ರುಂಬಿಗಲ್ ಅವರ ಪಾತ್ರ ಮುಖ್ಯವಾದುದು. ಇಳಿಜಾರಿನಲ್ಲಿ ಬರಿಮಣ್ಣನ್ನು ಬಿಟ್ಟರೆ ಒಂದೇ ಮಳೆಗೆ ಅದು ಕೊಚ್ಚಿಹೋಗುತ್ತದೆ. ಅಂತಹ ಉದ್ಯಾನದಲ್ಲಿ ನೆಲಹೊದಿಕೆಯು ನಿರ್ಮಾಣದ ಒಂದು ಅಂಗವೇ ಹೊರತು ಕೇವಲ ಶೋಭೆಯಲ್ಲ.

ನಿವೃತ್ತಿ, ಬಂಧನ ಮತ್ತು ಕೊನೆಯ ದಿನಗಳು

1932ರಲ್ಲಿ ನಿವೃತ್ತರಾದಾಗ ಅವರಿಗೆ 66 ವರ್ಷ. ಲಾಲ್‌ಬಾಗ್‌ನ ಹೊಣೆ ಎಚ್.ಸಿ. ಜವರಾಯ ಅವರಿಗೆ ದೊರೆಯಿತು. ಕ್ರುಂಬಿಗಲ್ ಅವರು ತಮ್ಮ ತಾಯ್ನಾಡಿಗೆ ಹಿಂದಿರುಗಲಿಲ್ಲ. ಬೆಂಗಳೂರಿನಲ್ಲಿಯೇ ನೆಲೆಸಿ ಉದ್ಯಾನ ಹಾಗೂ ನಗರ ಯೋಜನೆಯ ವಿಷಯಗಳಲ್ಲಿ ಸಲಹೆಗಾರರಾಗಿ ಮುಂದುವರಿದರು.

ಎರಡನೆಯ ಮಹಾಯುದ್ಧ ಆರಂಭವಾದಾಗ ಭಾರತದಲ್ಲಿದ್ದ ಜರ್ಮನರನ್ನು ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು ಪರಿಗಣಿಸಿತು. ಎಪ್ಪತ್ತು ದಾಟಿದ್ದ ಕ್ರುಂಬಿಗಲ್ ಅವರೂ ಬಂಧನ ಶಿಬಿರಕ್ಕೆ ಹೋಗಬೇಕಾಯಿತು. ಇಂಗ್ಲೆಂಡಿನ ಉದ್ಯಾನಗಳಲ್ಲಿ ಕೆಲಸ ಕಲಿತು, ಭಾರತದಲ್ಲಿ ನಾಲ್ಕೂವರೆ ದಶಕಗಳನ್ನು ಕಳೆದಿದ್ದ ವ್ಯಕ್ತಿಗೆ ಅವರ ಹುಟ್ಟೂರು ಯಾವುದೆಂಬುದೊಂದೇ ಆ ಗಳಿಗೆಯಲ್ಲಿ ಲೆಕ್ಕಕ್ಕೆ ಬಂದಿತು. ತಾವೇ ಯೋಜಿಸಿದ ಸಾಲುಮರಗಳು ನೆರಳು ಕೊಡುತ್ತಿದ್ದ ಸಂಸ್ಥಾನದಲ್ಲಿ ಅವರು ಪರಕೀಯರೆನಿಸಿದರು. 1940ರಲ್ಲಿ ಅವರ ಆಶ್ರಯದಾತರಾದ ನಾಲ್ವಡಿಯವರು ನಿಧನರಾದರು. ಆದರೂ ಯುದ್ಧ ಮುಗಿದ ಮೇಲೆ ಅವರು ಈ ನಾಡನ್ನು ತೊರೆಯಲಿಲ್ಲ ಎಂಬುದು ಗಮನಾರ್ಹ.

1956ರ ಫೆಬ್ರುವರಿ 8ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷದ ನವೆಂಬರ್‌ನಲ್ಲಿ ಭಾಷಾವಾರು ಪ್ರಾಂತ್ಯ ರಚನೆಯಾಗಿ ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಮುಂದೆ ಡಾ. ಎಂ.ಎಚ್. ಮರಿಗೌಡ ಅವರು ರಾಜ್ಯದ ಉದ್ದಗಲಕ್ಕೂ ತೋಟಗಾರಿಕೆಯನ್ನು ವಿಸ್ತರಿಸಿದರು.

ವರ್ತೂರಿನ ನೆಲ ಮತ್ತು ಈ ಪರಂಪರೆ

ಲಾಲ್‌ಬಾಗ್‌ನಿಂದ ವರ್ತೂರಿಗೆ ಸುಮಾರು 20 ಕಿ.ಮೀ. ದೂರ. ಹವಾಮಾನ ಒಂದೇ ತೆರನಾದುದು. ಮೂಲ ಮಣ್ಣೂ ಕೆಂಪುಮಣ್ಣೇ. ಆದರೆ ಇಂದಿನ ನಿವೇಶನಗಳ ಮೇಲ್ಪದರದಲ್ಲಿ ಸಿಗುವುದು ಹೆಚ್ಚಾಗಿ ಕಟ್ಟಡದ ಅವಶೇಷ, ಎಂ-ಸ್ಯಾಂಡ್ ಮತ್ತು ಸಿಮೆಂಟಿನ ಚೂರು. ಅಂಗಳವನ್ನು ಪೂರ್ತಿಯಾಗಿ ಟೈಲ್ಸ್ ಅಥವಾ ಕಾಂಕ್ರೀಟಿನಿಂದ ಮುಚ್ಚುವುದು ಒಂದು ರೂಢಿಯಾದರೆ, ಬರಿಮಣ್ಣನ್ನು ಹಾಗೆಯೇ ಬಿಡುವುದು ಇನ್ನೊಂದು. ಎರಡರಿಂದಲೂ ನಷ್ಟವೇ. ಹತ್ತು ಚದರ ಮೀಟರ್ ಅಂಗಳದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು 100 ಲೀಟರ್ ನೀರು. ಕಾಂಕ್ರೀಟಿನ ಮೇಲೆ ಬಿದ್ದುದು ಚರಂಡಿಗೆ ಹೋಗುತ್ತದೆ. ಬರಿಮಣ್ಣಿನ ಮೇಲೆ ಬಿದ್ದ ಹನಿ ಮಣ್ಣಿನ ಕಣಗಳನ್ನು ಸಿಡಿಸಿ, ಮೇಲ್ಪದರವನ್ನು ಗಟ್ಟಿ ಮಾಡಿ, ಉಳಿದ ಮಣ್ಣಿನೊಡನೆ ರಾಜಕಾಲುವೆಯ ಮೂಲಕ ಕೆರೆಯನ್ನು ಸೇರುತ್ತದೆ.

ವರ್ತೂರು ಕೆರೆ ಬೆಂಗಳೂರಿನ ಅತಿ ದೊಡ್ಡ ಕೆರೆಗಳಲ್ಲಿ ಒಂದು. 2015ರಲ್ಲಿ ಅದರ ಕೋಡಿಯ ಬಳಿ ನೊರೆ ಉಕ್ಕಿ ರಸ್ತೆಗೆ ಹಾರಿದುದು ದೇಶದ ಗಮನ ಸೆಳೆಯಿತು. ಒಳಚರಂಡಿಯ ನೀರು ಮತ್ತು ಮಾರ್ಜಕಗಳು ಅದಕ್ಕೆ ಮುಖ್ಯ ಕಾರಣವಾಗಿದ್ದವು. ಮನೆತೋಟದಿಂದ ಹರಿದುಹೋಗುವ ಹೂಳು ಮತ್ತು ರಸಗೊಬ್ಬರದ ಪಾಲು ಅದಕ್ಕೆ ಹೋಲಿಸಿದರೆ ಅಲ್ಪವೇ ಸರಿ. ಆದರೆ ಆ ಪಾಲನ್ನು ತಡೆಯುವುದು ಗೃಹಸ್ಥರ ಕೈಯಲ್ಲಿಯೇ ಇದೆ.

ಹೈಡ್ ಪಾರ್ಕ್‌ನ ಗಂಬಳಿ ಮಡಿಗಳಿಗೆ ಬಳಸುತ್ತಿದ್ದ ಆಲ್ಟರ್ನಾಂಥೆರ ಇಲ್ಲಿನ ವಾತಾವರಣದಲ್ಲಿ ಬಯಲಿನಲ್ಲಿಯೇ ವರ್ಷವಿಡೀ ಉಳಿಯುತ್ತದೆ. ಲಂಡನ್ನಿನಲ್ಲಿ ಕೆಲವೇ ತಿಂಗಳ ಅಲಂಕಾರವಾಗಿದ್ದುದು ಇಲ್ಲಿ ಶಾಶ್ವತ ನೆಲಹೊದಿಕೆಯಾಗಬಲ್ಲದು. ಇದೇ ಕುಲಕ್ಕೆ ಸೇರಿದ ಮತ್ತೆರಡು ಸಸ್ಯಗಳನ್ನು ವರ್ತೂರಿನವರು ಬಲ್ಲರು. ಒಂದು, ಅಡುಗೆಗೆ ಬಳಸುವ ಹೊನಗೊನ್ನೆ ಸೊಪ್ಪು. ಇನ್ನೊಂದು, ದಕ್ಷಿಣ ಅಮೆರಿಕ ಮೂಲದ ಅಲಿಗೇಟರ್ ಕಳೆ. ಕೊಳಚೆ ಸೇರಿದ ಕೆರೆಗಳ ನೀರಿನ ಮೇಲೆ ಹಾಸಿನಂತೆ ಹಬ್ಬಿ ಕೆರೆಯನ್ನೇ ಉಸಿರುಗಟ್ಟಿಸುವುದು ಇದೇ. ಒಂದೇ ಕುಲದ ಮೂರು ಸಸ್ಯಗಳಲ್ಲಿ ಒಂದು ಶೋಭೆಗೆ, ಒಂದು ಊಟಕ್ಕೆ, ಒಂದು ಉಪದ್ರವಕ್ಕೆ. ಆಯ್ಕೆಯಲ್ಲಿ ಎಚ್ಚರ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು.

ಸಸ್ಯಗಳ ಆಯ್ಕೆ

ಮೊದಲು ಅಂಗಳದಲ್ಲಿ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂಬುದನ್ನು ಒಂದು ದಿನ ಗಮನಿಸಿ ಗುರುತಿಸಬೇಕು. ಆರು ಗಂಟೆಗೂ ಮೀರಿ ಬಿಸಿಲಿರುವಲ್ಲಿ ಗರಿಕೆ, ಪೋರ್ಚುಲಾಕ ಹಾಗೂ ಆಲ್ಟರ್ನಾಂಥೆರ ಯೋಗ್ಯ. ಗರಿಕೆಯ ಮೇಲೆ ಓಡಾಡಬಹುದು. ಉಳಿದೆರಡು ತುಳಿತವನ್ನು ಸಹಿಸುವುದಿಲ್ಲ. ಭಾಗಶಃ ಬಿಸಿಲಿರುವಲ್ಲಿ ಹಳದಿ ಹೂವಿನ ಅರಾಕಿಸ್ ಎಂಬ ಅಲಂಕಾರಿಕ ಕಡಲೆಬಳ್ಳಿ ಉತ್ತಮ. ಇದು ನಮ್ಮ ಕಡಲೆಕಾಯಿಯ ಬಂಧು. ಬೇರುಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದರಿಂದ ಗೊಬ್ಬರದ ಅಗತ್ಯ ಕಡಿಮೆ. ಎರಡು ಮನೆಗಳ ನಡುವಿನ ಓಣಿಯಂತಹ ನೆರಳಿನಲ್ಲಿ ಒಫಿಯೊಪೋಗನ್ ಹಾಗೂ ಕ್ಲೋರೋಫೈಟಂ ಚೆನ್ನಾಗಿ ಬರುತ್ತವೆ. ನಲ್ಲಿಯ ಬಳಿ ತೇವವಿರುವ ಅರೆನೆರಳಿದ್ದರೆ ಒಂದೆಲಗಕ್ಕಿಂತ ಮಿಗಿಲಾದುದಿಲ್ಲ. ನೆಲವೂ ಮುಚ್ಚುತ್ತದೆ, ತಂಬುಳಿ ಚಟ್ನಿಗೂ ಒದಗುತ್ತದೆ. ಸಂಸ್ಕರಿಸಿದ ಕೊಳಚೆ ನೀರನ್ನು ಹಾಯಿಸುವ ಕಡೆ ಮಾತ್ರ ಒಂದೆಲಗ, ಹೊನಗೊನ್ನೆಯಂತಹ ತಿನ್ನುವ ಸೊಪ್ಪುಗಳನ್ನು ಬೆಳೆಯಬಾರದು.

ವೆಡೇಲಿಯ ಎಂಬ ಹಳದಿ ಹೂವಿನ ಬಳ್ಳಿ ಅಗ್ಗವಾಗಿ ದೊರೆಯುತ್ತದೆ, ಬೇಗ ಹಬ್ಬುತ್ತದೆ. ಆ ಬೇಗವೇ ಅದರ ದೋಷ. ಜಗತ್ತಿನ ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಸೇರಿದೆ. ಕತ್ತರಿಸಿ ಎಸೆದ ತುಂಡೂ ಬೇರು ಬಿಡುವುದರಿಂದ, ಕೆರೆ ಮತ್ತು ರಾಜಕಾಲುವೆಗಳ ಸಮೀಪದ ಮನೆಗಳಲ್ಲಿ ಇದನ್ನು ನೆಡದಿರುವುದು ಒಳಿತು. ಅಲಿಗೇಟರ್ ಕಳೆಯ ತುಂಡುಗಳೂ ಹೀಗೆಯೇ ಬೇರೂರುವವು. ಕೆರೆಯಂಚಿನಿಂದ ಮಣ್ಣು ತರುವವರು ಇದನ್ನು ನೆನಪಿನಲ್ಲಿಡಬೇಕು.

ನಾಟಿ ಮತ್ತು ನಿರ್ವಹಣೆ

ಮುಂಗಾರು ಆರಂಭವಾಗುವ ಜೂನ್ ತಿಂಗಳು ನಾಟಿಗೆ ಪ್ರಶಸ್ತ. ಮೊದಲು 15ರಿಂದ 20 ಸೆಂ.ಮೀ. ಆಳಕ್ಕೆ ಅಗೆದು ಸಿಮೆಂಟು ಚೂರುಗಳನ್ನು ಆರಿಸಿ ತೆಗೆಯಬೇಕು. ಕೊನ್ನಾರಿ ಗಡ್ಡೆಗಳಿದ್ದರೆ ಒಂದನ್ನೂ ಉಳಿಸದೆ ಆಯ್ದು ತೆಗೆಯುವುದು ಅತ್ಯಗತ್ಯ. ಹೊದಿಕೆ ಹಬ್ಬಿದ ಮೇಲೆ ಅದರ ನಡುವಿನಿಂದ ಕೊನ್ನಾರಿಯನ್ನು ಕೀಳುವುದು ಬಹಳ ಕಷ್ಟ. ಅಗೆದ ಮಣ್ಣಿಗೆ ನೀರು ಹಾಯಿಸಿ ಎರಡು ವಾರ ಬಿಟ್ಟು, ಮೊಳೆತ ಕಳೆಗಳನ್ನು ಮತ್ತೊಮ್ಮೆ ತೆಗೆದು, ಅನಂತರ ನಾಟಿ ಮಾಡುವುದು ಹೆಚ್ಚು ಫಲಕಾರಿ. ಚದರ ಮೀಟರಿಗೆ ಮೂರು ನಾಲ್ಕು ಕಿಲೋಗ್ರಾಂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಮನೆಯಲ್ಲಿಯೇ ತಯಾರಿಸಿದ ಕಾಂಪೋಸ್ಟ್ ಸಾಕು.

ಸಸಿಗಳ ನಡುವೆ 20 ಸೆಂ.ಮೀ. ಅಂತರವಿಟ್ಟರೆ ಚದರ ಮೀಟರಿಗೆ 25 ಸಸಿಗಳು ಬೇಕಾಗುತ್ತವೆ, 15 ಸೆಂ.ಮೀ.ಗೆ ಇಳಿಸಿದರೆ ಸುಮಾರು 44. ಹತ್ತು ಚದರ ಮೀಟರಿಗೆ ಎಲ್ಲವನ್ನೂ ಕೊಂಡು ತರುವ ಬದಲು ಹತ್ತಿಪ್ಪತ್ತು ಸಸಿಗಳನ್ನು ತಂದು, ಕುಂಡಗಳಲ್ಲಿ ಬೆಳೆಸಿ, ಅವುಗಳ ತುಂಡುಗಳಿಂದ ಉಳಿದವನ್ನು ಸಿದ್ಧಪಡಿಸಿಕೊಳ್ಳುವುದು ಮಿತವ್ಯಯದ ಮಾರ್ಗ.

ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಕೈಯಿಂದಲೇ ಕಳೆ ತೆಗೆಯಬೇಕು. ನೆಲಹೊದಿಕೆಯೆಂದರೆ ಕಳೆಯೇ ಬಾರದೆಂದು ಭಾವಿಸಿ ಈ ಅವಧಿಯಲ್ಲಿ ಅಲಕ್ಷಿಸಿದ ಅಂಗಳಗಳಲ್ಲಿ ಪಾರ್ಥೇನಿಯಂ ಗೆಲ್ಲುತ್ತದೆ. ನೆಲ ಪೂರ್ಣ ಮುಚ್ಚಿದ ಬಳಿಕ ಕಳೆಗೆ ಬೆಳಕು ಸಿಗದೆ ಶ್ರಮ ತಾನಾಗಿ ಇಳಿಯುತ್ತದೆ. ಆಲ್ಟರ್ನಾಂಥೆರವನ್ನು ಆಗಾಗ್ಗೆ ಸವರದಿದ್ದರೆ ಕಾಂಡ ಉದ್ದವಾಗಿ ಬುಡ ಬರಿದಾಗುತ್ತದೆ. ಅರಾಕಿಸ್ ಅನ್ನು ವರ್ಷಕ್ಕೆ ಎರಡು ಬಾರಿ ಕತ್ತರಿಸಿದರೆ ಸಾಕು. ಅಂಚಿಗೆ ಇಟ್ಟಿಗೆ ಅಥವಾ ಕಲ್ಲಿನ ಸಾಲನ್ನು ಮಣ್ಣಿನೊಳಕ್ಕೆ ಹೂತಿಟ್ಟರೆ ಹಂಬುಗಳು ದಾರಿಗೆ ನುಗ್ಗುವುದಿಲ್ಲ. ಮಧ್ಯಭಾಗ ಸೊರಗಿದ ಗಿಡಗಳನ್ನು ಎರಡು ಮೂರು ವರ್ಷಗಳಿಗೊಮ್ಮೆ ಕಿತ್ತು, ಬೇರ್ಪಡಿಸಿ ಮರುನಾಟಿ ಮಾಡಬೇಕು.

ಹಾವಿನ ಭಯದಿಂದ ಅಂಗಳದ ಹಸಿರನ್ನೆಲ್ಲ ಕೆತ್ತಿಸುವವರು ಈ ಭಾಗದಲ್ಲಿ ಸಾಕಷ್ಟಿದ್ದಾರೆ. ಹೊದಿಕೆಯನ್ನು ಗೇಣಿಗಿಂತ ತಗ್ಗಾಗಿ ಸವರಿ, ಬಾಗಿಲಿನ ಮುಂದೆ ಒಂದೆರಡು ಅಡಿ ತೆರೆದ ದಾರಿ ಬಿಟ್ಟು, ಕಲ್ಲು ಮರದ ರಾಶಿಗಳನ್ನು ತೆಗೆಸಿದರೆ ಆ ಭಯಕ್ಕೆ ಹೆಚ್ಚಿನ ಕಾರಣವಿರುವುದಿಲ್ಲ.

ನೀರಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅವಶ್ಯ. 2024ರ ಬೇಸಿಗೆಯಲ್ಲಿ ನಗರಕ್ಕೆ ನೀರಿನ ಅಭಾವ ಎದುರಾದಾಗ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿತು. ಹುಲ್ಲುಹಾಸಿಗೆ ಟ್ಯಾಂಕರ್ ನೀರು ಕೊಳ್ಳುವ ಸ್ಥಿತಿಯಲ್ಲಿರುವವರು ಹುಲ್ಲನ್ನು ಮಕ್ಕಳು ಆಡುವಷ್ಟು ಜಾಗಕ್ಕೆ ಸೀಮಿತಗೊಳಿಸಿ, ಉಳಿದೆಡೆ ಅರಾಕಿಸ್‌ನಂತಹ ಸಸ್ಯಗಳನ್ನು ಹಬ್ಬಿಸಬಹುದು. ಬೇರು ಹಿಡಿದ ಮೇಲೆ ಅವಕ್ಕೆ ನಿತ್ಯ ನೀರು ಬೇಕಿಲ್ಲ. ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿ, ಸಂಜೆಯ ವೇಳೆ, ಬುಡಕ್ಕೆ ಹಾಯಿಸಿದರೆ ಸಾಕಾಗುತ್ತದೆ. ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಸಂಸ್ಕರಣಾ ಘಟಕದ ನೀರನ್ನು ಅಲಂಕಾರಿಕ ನೆಲಹೊದಿಕೆಗೆ ಬಳಸಬಹುದು. ಎಲೆ ಸೊರಗಿದ ಗಿಡಕ್ಕೆ ನೀರು ಹಾಕುವ ಮುನ್ನ ಬೆರಳನ್ನು ಎರಡು ಅಂಗುಲ ಮಣ್ಣಿನೊಳಗಿಟ್ಟು ನೋಡಬೇಕು. ತಳದಲ್ಲಿ ತೇವವಿದ್ದರೆ ಆ ದಿನ ನೀರಿನ ಅಗತ್ಯವಿಲ್ಲ.